ಎಡೆಲ್‌ವೈಸ್: ಬೆಟ್ಟದಲ್ಲಿ ಕೀಳಬೇಡಿ, ಮನೆಯಲ್ಲಿ ಬೆಳೆಸಿ

ಆಲ್ಪ್ಸ್ ಪರ್ವತಗಳ ಆಸುಪಾಸಿನಲ್ಲಿ ಬದುಕುವ ನಮಗೆ ಎಡೆಲ್‌ವೈಸ್ ಹೂವಿನ ಚಿತ್ರ ಹೊಸದಲ್ಲ. ಬವೇರಿಯದ ಉಡುಪುಗಳ ಕಸೂತಿಯಲ್ಲಿ, ಆಸ್ಟ್ರಿಯದ ಎರಡು ಸೆಂಟ್ ನಾಣ್ಯದ ಮೇಲೆ ಅದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆದರೆ ನಿಜವಾದ ಹೂವನ್ನು ನಾವು ಮೊದಲು ಕಂಡದ್ದು ಆಲ್‌ಗಾಯ್ ಪ್ರದೇಶದ ಬೆಟ್ಟವೊಂದನ್ನು ಹತ್ತುವಾಗ, ಬಂಡೆಯ ಸಂದಿನಲ್ಲಿ. "ಅಜ್ಜಿಗೆ ಒಂದೇ ಒಂದು ಕಿತ್ಕೊಳ್ಳಲಾ ಅಮ್ಮ?" ಎಂದು ಮಗಳು ಕೇಳಿದಳು. ಬೇಡ ಎಂದೆವು. ಏಕೆ ಬೇಡ ಎಂದೆವು, ಕೊನೆಗೆ ಅಜ್ಜಿಗೆ ಹೂ ಹೇಗೆ ಸಿಕ್ಕಿತು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಜರ್ಮನ್ ಭಾಷೆಯಲ್ಲಿ 'ಎಡೆಲ್' ಎಂದರೆ ಶ್ರೇಷ್ಠ, 'ವೈಸ್' ಎಂದರೆ ಬಿಳಿ. ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಲಿಯೊಂಟೊಪೋಡಿಯಮ್, ಅಂದರೆ ಸಿಂಹದ ಪಾದ. ನಮ್ಮ ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳ ಕುಟುಂಬಕ್ಕೇ ಇದೂ ಸೇರಿದ್ದು. ಇದರ ಹತ್ತಿರದ ಬಂಧುಗಳು ಹಿಮಾಲಯದಲ್ಲೂ ಇವೆ. ನಕ್ಷತ್ರದಂತೆ ಹರಡಿಕೊಂಡಿರುವ ಬಿಳಿಯ ದಳಗಳು ನಿಜಕ್ಕೂ ದಳಗಳಲ್ಲ, ಉಣ್ಣೆಯಂಥ ರೋಮ ಹೊದ್ದ ಎಲೆಗಳು. ನಡುವೆ ಕಾಣುವ ಹಳದಿ ಗುಂಡಿಗಳಲ್ಲಿ ಪ್ರತಿಯೊಂದೂ ಹತ್ತಾರು ಪುಟಾಣಿ ಹೂಗಳ ಗೊಂಚಲು. ಸಾಮಾನ್ಯವಾಗಿ 1,800ರಿಂದ 3,000 ಮೀಟರ್ ಎತ್ತರದ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಬಿಸಿಲೂ ಗಾಳಿಯೂ ಬಲು ಕಠಿಣ. ಆ ರೋಮದ ಹೊದಿಕೆಯೇ ಗಿಡ ಒಣಗದಂತೆ ನೋಡಿಕೊಳ್ಳುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳನ್ನೂ ತಡೆಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟ ಹತ್ತುವ ಪ್ರವಾಸಿಗರು ಹೆಚ್ಚಿದಂತೆ ಈ ಹೂವನ್ನು ಕಿತ್ತು ಟೋಪಿಗೆ ಸಿಕ್ಕಿಸಿಕೊಳ್ಳುವುದು, ಮಾರುವುದು ರೂಢಿಯಾಯಿತು. ಹಲವು ಕಡೆ ಗಿಡವೇ ಅಪರೂಪವಾಯಿತು. ಓಬರ್ಸ್ಟ್‌ಡೋರ್ಫ್ ಬಳಿಯ ಹ್ಯೋಫಾಟ್ಸ್ ಎಂಬ ಬೆಟ್ಟದಲ್ಲಿ 1935ರಿಂದ ದಶಕಗಳ ಕಾಲ ಸ್ವಯಂಸೇವಕರು ಬೇಸಿಗೆಯಲ್ಲಿ ಈ ಹೂವಿಗೆ ಕಾವಲಿದ್ದರು. ಇಂದು ಜರ್ಮನಿಯಲ್ಲಿ ಇದು ಕಾನೂನಿನ ರಕ್ಷಣೆ ಪಡೆದ ಗಿಡ. ಕಾಡುಗಿಡದಿಂದ ಒಂದು ಹೂ ಕಿತ್ತರೂ ತಪ್ಪೇ. ಆದರೆ ಅಂಗಡಿಯಲ್ಲಿ ಸಿಗುವ ಬೀಜದಿಂದ ಮನೆಯಲ್ಲಿ ಬೆಳೆಸಲು ಯಾವ ಅಡ್ಡಿಯೂ ಇಲ್ಲ.

ನಮ್ಮ ಮೊದಲ ಪ್ರಯತ್ನ ಸೋತಿತು. ಅಂಗಡಿಯಿಂದ ಗಿಡ ತಂದು, ಅಜ್ಜಿ ಸೇವಂತಿಗೆಗೆ ಮಾಡುತ್ತಿದ್ದ ಹಾಗೆಯೇ ಒಳ್ಳೆಯ ಗೊಬ್ಬರ ಹಾಕಿ, ದಿನವೂ ನೀರೆರೆದೆವು. ಗಿಡ ಉದ್ದುದ್ದ ಬೆಳೆದು, ಬಿಳುಪು ಕಳೆದುಕೊಂಡು ಹಸಿರಾಯಿತು. ಚಳಿಗಾಲದ ಮಳೆಗೆ ಬೇರು ಕೊಳೆತು ಸತ್ತೇಹೋಯಿತು. ಬಡ ಮಣ್ಣಿನಲ್ಲಿ ಬದುಕಲು ಹುಟ್ಟಿದ ಗಿಡವನ್ನು ನಾವು ಉಪಚಾರ ಮಾಡಿಯೇ ಕೊಂದಿದ್ದೆವು.

ಎರಡನೆಯ ಸಲ ಹೀಗೆ ಮಾಡಿದೆವು. ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಮೂರು ನಾಲ್ಕು ವಾರ ಫ್ರಿಜ್ಜಿನಲ್ಲಿ ಇಟ್ಟೆವು. ಚಳಿ ತಾಗಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಅದನ್ನು ಮರಳು ಬೆರೆತ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದೆವು. ಬೀಜ ತೀರ ಸಣ್ಣದು, ಮೊಳೆಯಲು ಬೆಳಕೂ ಬೇಕು. ಆದ್ದರಿಂದ ಮೇಲೆ ಮಣ್ಣು ಮುಚ್ಚಬಾರದು. ಮೊಳಕೆ ಬರುವವರೆಗೆ ಮಣ್ಣು ಒಣಗದಂತೆ ನೀರು ಚಿಮುಕಿಸಿ. ಸಸಿಗಳು ಹಿಡಿಯುವಷ್ಟಾದ ಮೇಲೆ ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ. ಎರಡು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಒಂದು ಪಾಲು ಸಾಧಾರಣ ತೋಟದ ಮಣ್ಣು ಸಾಕು. ಒಂದು ಹಿಡಿ ಸುಣ್ಣಕಲ್ಲಿನ ಚೂರು ಸೇರಿಸಿದರೆ ಇನ್ನೂ ಒಳ್ಳೆಯದು. ಗೊಬ್ಬರ ಬೇಡವೇ ಬೇಡ.

ಕುಂಡವನ್ನು ಮನೆಯೊಳಗೆ ಇಡಬೇಡಿ. ಬಾಲ್ಕನಿಯಲ್ಲಿ ಪೂರ್ತಿ ಬಿಸಿಲು ಬೀಳುವ ಜಾಗವೇ ಇದಕ್ಕೆ ಸರಿ. ಮೇಲ್ಮಣ್ಣು ಒಣಗಿದಾಗ ಮಾತ್ರ ಬುಡಕ್ಕೆ ನೀರು ಕೊಡಿ. ಹಿಮಕ್ಕೆ, ಕೊರೆಯುವ ಚಳಿಗೆ ಇದು ಹೆದರುವುದಿಲ್ಲ. ಚಳಿಗಾಲದಲ್ಲಿ ನಿಲ್ಲುವ ನೀರಿಗೆ ಹೆದರುತ್ತದೆ. ಆದ್ದರಿಂದ ಆ ತಿಂಗಳುಗಳಲ್ಲಿ ಕುಂಡವನ್ನು ಮಳೆ ಬೀಳದ ಸೂರಿನ ಕೆಳಗೆ ಸರಿಸಿ. ಎಲೆಗಳು ಬಾಡಿ ಮರೆಯಾದರೆ ಸತ್ತಿತೆಂದು ಎಸೆಯಬೇಡಿ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಗಿಡದ ಆಯುಷ್ಯ ಹೆಚ್ಚಲ್ಲ. ಎರಡು ಮೂರು ವರ್ಷಕ್ಕೊಮ್ಮೆ ವಸಂತದಲ್ಲಿ ಬುಡವನ್ನು ಬಿಡಿಸಿ ಬೇರೆ ಬೇರೆ ನೆಟ್ಟರೆ ಸಂತತಿ ಉಳಿಯುತ್ತದೆ.

ಬಿತ್ತಿದ ಎರಡನೆಯ ಬೇಸಿಗೆಯಲ್ಲಿ ನಮ್ಮ ಕುಂಡದಲ್ಲಿ ಮೂರು ಹೂ ಬಿಟ್ಟವು. ಬೆಟ್ಟದ ಹೂವಿನಷ್ಟು ಅಚ್ಚ ಬಿಳಿಯಲ್ಲ, ಬಯಲುನಾಡಿನಲ್ಲಿ ರೋಮ ಸ್ವಲ್ಪ ಕಡಿಮೆಯೇ. ಈ ಹೂ ಒಣಗಿದರೂ ಆಕಾರ ಕೆಡುವುದಿಲ್ಲ. ಮಗಳು ಒಂದನ್ನು ಪುಸ್ತಕದ ನಡುವೆ ಒತ್ತಿಟ್ಟು, ರಜೆಗೆ ಊರಿಗೆ ಹೋದಾಗ ಅಜ್ಜಿಯ ಕೈಗೆ ಕೊಟ್ಟಳು. "ಗೊಬ್ಬರ ಏನು ಹಾಕಿದಿರೇ?" ಎಂದು ಅಜ್ಜಿ ಕೇಳಿದರು. "ಏನೂ ಇಲ್ಲ ಅಜ್ಜಿ" ಎಂದಳು ಮಗಳು.

ಈ ವರ್ಷ ನೀವೂ ಒಂದು ಕುಂಡ ಇಟ್ಟು ನೋಡಿ. ಸಸಿ ಹೆಚ್ಚಾದರೆ ನೆರೆಹೊರೆಯ ಮಕ್ಕಳಿಗೂ ಒಂದೊಂದು ಕೊಡಿ. ಬೆಟ್ಟದ ಹೂ ಬೆಟ್ಟದಲ್ಲೇ ಇರಲಿ.