ಸಾಕಿದ ಹೆಡ್ಜ್‌ಹಾಗ್ ಚಳಿಗೆ ಮುದುಡಿದರೆ

ಅಮೆರಿಕದ ಡಲ್ಲಾಸ್‌ನಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಮಗಳ ಹಟಕ್ಕೆ ಮಣಿದು ಹೆಡ್ಜ್‌ಹಾಗ್ ಮರಿಯೊಂದನ್ನು ತಂದಿದ್ದೇವೆ. ಡಿಸೆಂಬರ್ ಬಂದಮೇಲೆ ಅದು ರಾತ್ರಿಯೂ ಮುದುಡಿಕೊಂಡೇ ಇರುತ್ತದೆ, ತಿನ್ನುವುದಕ್ಕೂ ಏಳುವುದಿಲ್ಲ. ಹೆಡ್ಜ್‌ಹಾಗ್‌ಗಳು ಚಳಿಗಾಲವಿಡೀ ನಿದ್ದೆ ಮಾಡುತ್ತವೆ ಎಂದು ಮಗಳ ಪುಸ್ತಕದಲ್ಲಿದೆ. ಅದರ ಪಾಡಿಗೆ ಬಿಟ್ಟುಬಿಡಬಹುದೇ?"

ಬಿಡಬಾರದು. ಕೂಡಲೇ ಬೆಚ್ಚಗಾಗಿಸಿ, ವೈದ್ಯರಿಗೆ ತೋರಿಸಿ ಎಂದು ಅವರಿಗೆ ಆಗಲೇ ಬರೆದು ತಿಳಿಸಿದ್ದೇನೆ. ಕಾರಣವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಬೇಕು. ಈ ಪ್ರಾಣಿಯನ್ನು ಸಾಕುವ ವಿದ್ಯೆಯ ಮುಕ್ಕಾಲು ಪಾಲು ಆ ಕಾರಣದಲ್ಲೇ ಇದೆ.

ಮಕ್ಕಳ ಪುಸ್ತಕಗಳಲ್ಲಿ ಬರುವುದು ಯುರೋಪಿನ ಹೆಡ್ಜ್‌ಹಾಗ್. ಶರದೃತುವಿನಲ್ಲಿ ಅದು ಹೊಟ್ಟೆ ಬಿರಿಯ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಒಣಗಿದೆಲೆಗಳ ಗೂಡಿನೊಳಗೆ ಸೇರಿ ಶಿಶಿರನಿದ್ರೆಗೆ ಜಾರಿದಮೇಲೆ ಅದರ ಹೃದಯಬಡಿತ ನಿಮಿಷಕ್ಕೆ 190ರಿಂದ 20ರ ಆಸುಪಾಸಿಗೆ ಇಳಿಯುತ್ತದೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಇದ್ದ ಮೈಬಿಸಿ 10 ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ. ಮತ್ತೆ ಎಚ್ಚರಗೊಳ್ಳಲು ಬೇಕಾದ ಶಾಖವನ್ನು ಹೆಗಲ ಸುತ್ತ ಶೇಖರವಾದ ಕಂದುಕೊಬ್ಬು ಉರಿದು ಒದಗಿಸುತ್ತದೆ. ತಿಂಗಳುಗಟ್ಟಲೆ ಮುಂಚಿನ ತಯಾರಿಯಿಂದ ನಡೆಯುವ ಕೆಲಸ ಇದು.

ಅಂಗಡಿಯಿಂದ ಮನೆಗೆ ಬರುವುದು ಬೇರೆ ಜಾತಿ. ಅದು ಆಫ್ರಿಕಾದ ಪಿಗ್ಮಿ ಹೆಡ್ಜ್‌ಹಾಗ್. ಹಿಂಗಾಲಿನಲ್ಲಿ ನಾಲ್ಕೇ ಬೆರಳು, ತೂಕ ಹೆಚ್ಚೆಂದರೆ ಅರ್ಧ ಕಿಲೋ ಆಚೀಚೆ. ಸೆನೆಗಲ್‌ನಿಂದ ಪೂರ್ವ ಆಫ್ರಿಕಾದವರೆಗೆ ಹರಡಿದ ಬಯಲು ಹುಲ್ಲುಗಾವಲು ಇದರ ನೆಲೆ. 1980ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಇದನ್ನು ಸಾಕುವ ಗೀಳು ಹಬ್ಬಿತು. ದನಕರುಗಳಿಗೆ ಕಾಲುಬಾಯಿ ಜ್ವರ ತಗಲೀತು ಎಂಬ ಭಯದಿಂದ 1991ರಲ್ಲಿ ಅಲ್ಲಿನ ಸರ್ಕಾರ ಆಫ್ರಿಕಾದಿಂದ ತರುವುದನ್ನು ತಡೆಯಿತು. ಹಾಗಾಗಿ ಈಗ ಅಲ್ಲಿ ಮಾರಾಟಕ್ಕಿರುವವೆಲ್ಲ ಪಂಜರದಲ್ಲೇ ಹುಟ್ಟಿದ ಪೀಳಿಗೆಗಳು. ಆದರೂ ಅವುಗಳ ಮೈಗೆ ಗೊತ್ತಿರುವುದು ಆಫ್ರಿಕಾದ ಹವೆ ಮಾತ್ರ.

ಸುತ್ತಲಿನ ಉಷ್ಣತೆ 24ರಿಂದ 29 ಡಿಗ್ರಿ ಇದ್ದರೆ ಇದಕ್ಕೆ ಹಿತ. ಅಮೆರಿಕದ ಮನೆಗಳಲ್ಲಿ ಚಳಿಗಾಲಕ್ಕೆ ಥರ್ಮೋಸ್ಟಾಟನ್ನು 68 ಫ್ಯಾರನ್‌ಹೀಟ್‌ಗೆ, ಅಂದರೆ 20 ಡಿಗ್ರಿ ಸೆಲ್ಸಿಯಸ್‌ಗೆ ಇಡುವವರು ಬಹಳ. ಸ್ವೆಟರ್ ಹಾಕಿಕೊಂಡ ನಮಗೆ ಅದು ಸಾಕು. ಕಿಟಕಿ ಪಕ್ಕದ ಪಂಜರದಲ್ಲಿ ರಾತ್ರಿ ಅದೇ 17ಕ್ಕೆ ಇಳಿದರೆ ಹೆಡ್ಜ್‌ಹಾಗ್‌ನ ದೇಹ ಶಿಶಿರನಿದ್ರೆಗೆ ಹೊರಡುತ್ತದೆ, ಆದರೆ ಕೊಬ್ಬಿನ ದಾಸ್ತಾನು ಇಲ್ಲದೆ, ತಯಾರಿ ಇಲ್ಲದೆ. ಜೀರ್ಣಕ್ರಿಯೆ ನಿಲ್ಲುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವೇ ದಿನಗಳಲ್ಲಿ ಪ್ರಾಣವೂ ಹೋಗಬಹುದು.

ಇಲ್ಲಿ ಒಂದು ತೊಡಕಿದೆ. ಚೆನ್ನಾಗಿರುವ ಹೆಡ್ಜ್‌ಹಾಗ್ ಕೂಡ ಹೆದರಿದಾಗ ಉಂಡೆಯಾಗುತ್ತದೆ. ಹೆದರಿಕೆಯ ಉಂಡೆ ಯಾವುದು, ಚಳಿಯ ಉಂಡೆ ಯಾವುದು ಎಂದು ತಿಳಿಯಲು ಆ ಉಂಡೆ ಕಟ್ಟುವ ಬಗೆಯನ್ನೇ ನೋಡಬೇಕು. ನಮ್ಮ ಅಜ್ಜಿಯಂದಿರ ಸೊಂಟದಲ್ಲಿರುತ್ತಿದ್ದ ಎಲೆಅಡಿಕೆ ಸಂಚಿಯನ್ನು ನೆನೆಯಿರಿ. ಬಾಯಿಯ ಸುತ್ತ ಹೊಲಿದ ಅಂಚಿನೊಳಗೆ ದಾರ ಓಡುತ್ತದೆ. ಎರಡೂ ತುದಿ ಹಿಡಿದು ಎಳೆದರೆ ಬಾಯಿ ನೆರಿಗೆಗಟ್ಟಿ ಮುಚ್ಚಿ, ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಒಳಗೆ ಭದ್ರ. ಹೆಡ್ಜ್‌ಹಾಗ್‌ನ ಬೆನ್ನಿನ ಚರ್ಮ ಮೈಗಿಂತ ದೊಡ್ಡದು, ಸಡಿಲವಾದದ್ದು. ಅದರ ಅಂಚಿನುದ್ದಕ್ಕೂ ದಪ್ಪನೆಯ ಸ್ನಾಯುವಿನ ಬಳೆಯೊಂದಿದೆ. ಅಪಾಯದ ಸುಳಿವು ಸಿಕ್ಕೊಡನೆ ಹಣೆಯ ಸ್ನಾಯು ಚರ್ಮವನ್ನು ಮುಖದ ಮೇಲೆ, ಹಿಂಬದಿಯ ಸ್ನಾಯು ಬಾಲದ ಮೇಲೆ ಎಳೆಯುತ್ತದೆ. ಆಮೇಲೆ ಬಳೆ ಬಿಗಿಯುತ್ತದೆ. ತಲೆ, ಕಾಲು, ಮೆತ್ತನೆಯ ಹೊಟ್ಟೆ ಎಲ್ಲವೂ ಸಂಚಿಯೊಳಗೆ. ಅದೇ ಸೆಳೆತಕ್ಕೆ ಬುಡಗಳು ವಾಲಿ ಸಾವಿರಾರು ಮುಳ್ಳುಗಳು ದಿಕ್ಕುದಿಕ್ಕಿಗೆ ನಿಲ್ಲುತ್ತವೆ.

ಹೆದರಿದ ಪ್ರಾಣಿ ಈ ದಾರವನ್ನು ತಾನೇ ಬಿಗಿಹಿಡಿದಿರುತ್ತದೆ. ಮುಟ್ಟಿದರೆ ಬುಸ್ ಎಂದು ಇನ್ನಷ್ಟು ಬಿಗಿಯುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮೂಗು ಹೊರಚಾಚುತ್ತದೆ. ಚಳಿ ಹಿಡಿದದ್ದು ಮುಟ್ಟಿದರೂ ಸರಿಯಾಗಿ ಸ್ಪಂದಿಸುವುದಿಲ್ಲ. ಹೊಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ, ಎಬ್ಬಿಸಿದರೆ ತೂರಾಡುತ್ತದೆ. ಆಗ ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದು ನಿಧಾನವಾಗಿ ಬೆಚ್ಚಗಾಗಿಸಬೇಕು. ಬಿಸಿನೀರಿನಲ್ಲಿ ಇಳಿಸಬಾರದು. ಚೇತರಿಸಿಕೊಂಡರೂ ವೈದ್ಯರಲ್ಲಿಗೆ ಹೋಗುವುದು ತಪ್ಪಬಾರದು. ಪಂಜರಕ್ಕೆ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್, ಒಳಗೊಂದು ಥರ್ಮಾಮೀಟರ್ ಬೇಕೇ ಬೇಕು. ಹಗಲು ಚಿಕ್ಕದಾದರೂ ದೇಹಕ್ಕೆ ಚಳಿಗಾಲದ ಸೂಚನೆ ಹೋಗುವುದರಿಂದ ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ ದೀಪ ಉರಿಸಬೇಕು.

ಊಟದ ವಿಷಯವನ್ನೂ ನೇರವಾಗಿ ಹೇಳಬೇಕು. ಮುಳ್ಳು ನೋಡಿ ಇದನ್ನು ಮುಳ್ಳುಹಂದಿಯ ಮರಿ ಎಂದುಕೊಳ್ಳುವವರಿದ್ದಾರೆ. ಮುಳ್ಳುಹಂದಿ ಇಲಿಯ ವರ್ಗದ್ದು, ಗೆಡ್ಡೆಗೆಣಸು ಕಡಿಯುವಂಥದ್ದು. ಹೆಡ್ಜ್‌ಹಾಗ್ ನಮ್ಮ ಮನೆಗಳಲ್ಲಿ ಗೋಡೆಯಂಚಿಗೇ ಓಡಾಡುವ ಉದ್ದಮೂತಿಯ ಮೂಗಿಲಿಯ ಕಡೆಯ ನೆಂಟ, ಹುಳಹುಪ್ಪಟೆ ತಿಂದು ಬದುಕುವಂಥದ್ದು. ಕೊಬ್ಬು ಕಡಿಮೆ, ಪ್ರೋಟೀನ್ ಹೆಚ್ಚಿರುವ ಬೆಕ್ಕಿನ ಆಹಾರದ ಜೊತೆಗೆ ಜೀರುಂಡೆ, ಮೀಲ್‌ವರ್ಮ್‌ಗಳನ್ನು ಕೊಡಲೇಬೇಕು. ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಮನೆಯೊಳಗೆ ಹುಳು ತರಲು ಒಪ್ಪದ ಕುಟುಂಬ ಈ ಪ್ರಾಣಿಯನ್ನು ತಾರದಿರುವುದೇ ಮೇಲು. ಅನ್ನ, ಮೊಸರನ್ನದಲ್ಲಿ ಇದು ಬದುಕುವುದಿಲ್ಲ. ಇನ್ನು ತನ್ನ ಬಯಲಿನಲ್ಲಿ ಇರುಳಿಡೀ ಅಲೆದು ತಿನ್ನುವ ಜೀವವಾದ್ದರಿಂದ ಪಂಜರದಲ್ಲಿ ಓಡಲು ಚಕ್ರ ಇಲ್ಲದಿದ್ದರೆ ಬೊಜ್ಜು ಬರುತ್ತದೆ. ಚಕ್ರದ ಓಡುವ ಮೈ ಸಪಾಟಾಗಿರಬೇಕು. ಸರಳಿನ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ.

ಜಾಲತಾಣಗಳಲ್ಲಿ ಹರಿದಾಡುವ ವಿಡಿಯೊಗಳನ್ನು ನಂಬಿ ಇದನ್ನು ಕೊಳ್ಳಬೇಡಿ. ನೀರಿನ ಮೇಲೆ ಅಂಗಾತ ತೇಲುತ್ತ "ನಗುವ" ಹೆಡ್ಜ್‌ಹಾಗ್ ಆನಂದದಲ್ಲಿರುವುದಿಲ್ಲ. ಕಾಲಿಗೆ ನೆಲ ಸಿಗದೆ ಕಂಗಾಲಾಗಿರುತ್ತದೆ. ಹೊಸ ವಾಸನೆ ಸಿಕ್ಕಾಗ ಬಾಯಲ್ಲಿ ನೊರೆ ಕಟ್ಟಿಕೊಂಡು, ಕತ್ತು ತಿರುಚಿ ಆ ನೊರೆಯನ್ನು ಬೆನ್ನಿನ ಮುಳ್ಳುಗಳಿಗೆ ಬಳಿದುಕೊಳ್ಳುವುದನ್ನು ಕಂಡು ಹುಚ್ಚುನಾಯಿ ರೋಗ ಎಂದು ಬೆದರುವವರೂ ಉಂಟು. ಅದು ಇದರ ಸಹಜ ವರ್ತನೆ. ವಿಷವಿರುವ ನೆಲಗಪ್ಪೆಯ ಚರ್ಮವನ್ನು ಅಗಿದು ಹೀಗೆ ಬಳಿದುಕೊಂಡ ಮುಳ್ಳುಗಳು ಚುಚ್ಚಿದರೆ ಉರಿ ಹೆಚ್ಚು ಎಂಬುದನ್ನು ಜೀವವಿಜ್ಞಾನಿ ಎಡ್ಮಂಡ್ ಬ್ರೋಡಿ 1977ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಪರರ ವಿಷವನ್ನು ತನ್ನ ಆಯುಧಕ್ಕೆ ಬಳಿದುಕೊಳ್ಳುವ ಸಸ್ತನಿಗಳು ಬಹಳ ವಿರಳ.

ಹೆಡ್ಜ್‌ಹಾಗ್‌ಗಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಕಥೆ ಇನ್ನೂ ಸೊಗಸಾದದ್ದು. ಬ್ರಿಟಿಷ್ ವಲಸಿಗರು ನ್ಯೂಜಿಲೆಂಡಿಗೆ ಒಯ್ದು ಬಿಟ್ಟ ಹೆಡ್ಜ್‌ಹಾಗ್‌ಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಾದ ಸ್ಮಿತ್ ಮತ್ತು ಮೇರಿ ಮಾರ್ಪಲ್ಸ್ 1964ರಲ್ಲಿ ಒಂದು ಅಚ್ಚರಿ ಮುಂದಿಟ್ಟರು: ಔಷಧವನ್ನೇ ಕಾಣದ ಆ ಪ್ರಾಣಿಗಳ ಮೈಮೇಲೆ ಪೆನಿಸಿಲಿನ್‌ಗೆ ಜಗ್ಗದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ! ಹುಳುಕಡ್ಡಿ ತರುವ ಶಿಲೀಂಧ್ರವೊಂದು ಅಲ್ಲೇ ಕೂತು ಪೆನಿಸಿಲಿನ್‌ನಂಥ ವಸ್ತುವನ್ನು ತಯಾರಿಸುತ್ತಿತ್ತು. ಅದರೊಡನೆ ಸೆಣಸಿ ಬದುಕಲು ಬ್ಯಾಕ್ಟೀರಿಯಾ ಆ ವಸ್ತುವನ್ನು ತಡೆದುಕೊಳ್ಳುವ ಉಪಾಯ ಕಲಿತಿತ್ತು. 2022ರಲ್ಲಿ 'ನೇಚರ್'ನಲ್ಲೇ ಬಂದ ಅಧ್ಯಯನ ಈ ಎಳೆಯನ್ನು ಮುಂದುವರಿಸಿತು. ಎಂಆರ್‌ಎಸ್‌ಎ ಎಂಬ ಮೊಂಡು ಬ್ಯಾಕ್ಟೀರಿಯಾದ ಒಂದು ಬಗೆ ಹೆಡ್ಜ್‌ಹಾಗ್‌ಗಳ ಮೈಮೇಲೆ 19ನೇ ಶತಮಾನದ ಆರಂಭದಲ್ಲೇ ಹುಟ್ಟಿತ್ತು ಎಂದು ಜೀನೋಮ್‌ಗಳ ಹೋಲಿಕೆಯಿಂದ ಕಂಡುಬಂತು. ಡೆನ್ಮಾರ್ಕ್, ಸ್ವೀಡನ್‌ಗಳ ಹೆಡ್ಜ್‌ಹಾಗ್‌ಗಳಲ್ಲಿ ಶೇ. 60ರಷ್ಟು ಅದನ್ನು ಹೊತ್ತಿದ್ದವು. ಈ ಬ್ಯಾಕ್ಟೀರಿಯಾ ಜಗ್ಗದಿರುವ ಮೆಥಿಸಿಲಿನ್ ಔಷಧ ಬಳಕೆಗೆ ಬಂದದ್ದೇ 1960ರ ಸುಮಾರಿಗೆ. ರೋಗ ಹಬ್ಬಿಸಿದ್ದೇ ಹೆಡ್ಜ್‌ಹಾಗ್ ಎಂಬಂತೆ ಆ ಅಧ್ಯಯನ ಹೊರಬಿದ್ದಾಗ ಬಂದ ತಲೆಬರಹಗಳು ಅತಿಯಾದವು. ಮನುಷ್ಯರ ಎಂಆರ್‌ಎಸ್‌ಎ ಸೋಂಕುಗಳಲ್ಲಿ ಈ ಬಗೆಯದು ಸುಮಾರು 200ರಲ್ಲಿ 1 ಮಾತ್ರ. ಉಳಿದದ್ದರ ಹಿಂದೆ ನಾವು ಆ್ಯಂಟಿಬಯಾಟಿಕ್‌ಗಳನ್ನು ಬೇಕಾಬಿಟ್ಟಿ ನುಂಗಿದ್ದು, ಸಾಕುಪ್ರಾಣಿಗಳಿಗೆ ತಿನ್ನಿಸಿದ್ದು ಇದೆ.

ಸಾಕುವ ಮನೆಯವರು ಎಚ್ಚರವಿಡಬೇಕಾದದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಗ್ಗೆ. ಆರೋಗ್ಯವಾಗಿರುವ ಹೆಡ್ಜ್‌ಹಾಗ್‌ನ ಹಿಕ್ಕೆಯಲ್ಲೂ ಅದು ಇರಬಹುದು. ಮುದ್ದಿಸಬೇಡಿ, ಮುತ್ತಿಡಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2019ರಲ್ಲಿ ಹೇಳಬೇಕಾಗಿ ಬಂತು. ಮುಟ್ಟಿದಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಪಂಜರ, ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ಕೊಳ್ಳುವ ಮುನ್ನ ಊರಿನ ಕಾನೂನು ನೋಡಿ. ಕ್ಯಾಲಿಫೋರ್ನಿಯಾದಲ್ಲೂ ನ್ಯೂಯಾರ್ಕ್ ನಗರದಲ್ಲೂ ಇದನ್ನು ಸಾಕುವಂತಿಲ್ಲ. ಇಂಥ ಪ್ರಾಣಿಗಳನ್ನು ಬಲ್ಲ ವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂದೂ ವಿಚಾರಿಸಿ. ಅಮೆರಿಕದ ಸಾಕು ಹೆಡ್ಜ್‌ಹಾಗ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂದಕ್ಕೆ ನರಗಳ ಹೊದಿಕೆ ಸವೆದು ಹಿಂಗಾಲಿನಿಂದ ಮೇಲಕ್ಕೆ ಮೈ ಬಿದ್ದುಹೋಗುವ ಕಾಯಿಲೆ ಬರುತ್ತದೆ, ಅದಕ್ಕೆ ಮದ್ದಿಲ್ಲ. ಮೂರು ವರ್ಷ ದಾಟಿದವುಗಳಲ್ಲಿ ಗೆಡ್ಡೆಗಳು ಸಾಮಾನ್ಯ.

ಭಾರತದಲ್ಲೂ ಹೆಡ್ಜ್‌ಹಾಗ್‌ಗಳಿವೆ. ರಾಜಸ್ಥಾನ, ಗುಜರಾತ್‌ಗಳ ಒಣಭೂಮಿಯಲ್ಲಿ ಬೇರೆ ಜಾತಿಯವು, ತಮಿಳುನಾಡಿನ ಕುರುಚಲು ಬಯಲಿನಲ್ಲಿ ಮದ್ರಾಸ್ ಹೆಡ್ಜ್‌ಹಾಗ್. ನಾಟಿ ಔಷಧಿಗೆಂದು ಅವನ್ನು ಹಿಡಿದು ಕೊಲ್ಲುವ ರೂಢಿ ಇನ್ನೂ ಇದೆ. ಇಲ್ಲಿನ ಕಾಡುಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿದು ಮನೆಗೆ ತರುವಂತಿಲ್ಲ. ಹೊಲದ ಬದುವಿನಲ್ಲಿ ಸಿಕ್ಕರೆ ಅಲ್ಲೇ ಬಿಡಿ. ಬೆಳೆಗೆ ಕಾಟ ಕೊಡುವ ಹುಳಗಳನ್ನು ರಾತ್ರಿಯಿಡೀ ಹೆಕ್ಕಿ ತಿನ್ನುವ ಪ್ರಾಣಿ ಅದು. ಪಂಜರಕ್ಕಿಂತ ಹೊಲದಲ್ಲೇ ಅದಕ್ಕೂ ಕ್ಷೇಮ, ರೈತನಿಗೂ ಲಾಭ.