ಕಾಣದ ನೆಂಟರು, ಹೇಳದ ಬೇನೆ

ನಂಜನಗೂಡಿನ ಹೆಸರನ್ನು ಕನ್ನಡನಾಡಿನ ಮನೆಮನೆಗೂ ಮುಟ್ಟಿಸಿದವು ಮೂರು: ಶ್ರೀಕಂಠೇಶ್ವರನ ತೇರು, ರಸಬಾಳೆ, ಹಲ್ಲುಪುಡಿ. ಇವುಗಳಲ್ಲಿ ಕೊನೆಯದು, 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಕೊಡುಗೆ. ಬೆಳಗಾಗೆದ್ದು ಆ ಪುಡಿಯಿಂದ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ತಲೆಮಾರುಗಳು ಎಷ್ಟೋ! ಅನ್ನಮಾರ್ಗದ ಹೆಬ್ಬಾಗಿಲಿಗೆ ಇಷ್ಟು ಉಪಚಾರ ನಡೆಸುವ ನಾವು, ಅದೇ ಮಾರ್ಗದ ಹಿಂಬಾಗಿಲಿನ ಮಾತು ಬಂದಾಗ ಮಾತ್ರ ಮೌನ ತಾಳುತ್ತೇವೆ. ಮೂಲವ್ಯಾಧಿ, ಸೀಳು, ಕುರು, ಭಗಂದರ—ಇವು ನಮ್ಮಲ್ಲಿ ಅಪರೂಪದ ರೋಗಗಳಲ್ಲ. ಅಪರೂಪವಾದುದು ಅವುಗಳ ಪ್ರಸ್ತಾಪ. ಇಂದು ಆ ಪ್ರಸ್ತಾಪವನ್ನೇ ಎತ್ತಿಕೊಂಡಿದ್ದೇನೆ, ವಾಚಕರು ಮನ್ನಿಸಬೇಕು. ನಾನು ವೈದ್ಯನಲ್ಲ; ಓದಿದ್ದನ್ನೂ ಕಂಡದ್ದನ್ನೂ ಹೇಳುತ್ತೇನೆ, ಅಷ್ಟೆ.

ರೋಗಿಗೂ ನಂಜನಗೂಡಿಗೂ ಇರುವ ನಂಟು ಹಳೆಯದು. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಸ್ವಾಮಿಯ ಕೃಪೆಯಿಂದ ವಾಸಿಯಾಯಿತೆಂದೂ, ಅದರಿಂದಲೇ ಅವನು ದೇವರನ್ನು ಹಕೀಮ ನಂಜುಂಡನೆಂದು ಕರೆದನೆಂದೂ ಪ್ರತೀತಿ. ಇಂದಿಗೂ ಕಪಿಲೆಯಲ್ಲಿ ಮಿಂದು, ಒದ್ದೆಬಟ್ಟೆಯಲ್ಲಿ ಉರುಳುಸೇವೆ ಮಾಡುವವರನ್ನು ಅಲ್ಲಿ ಕಾಣಬಹುದು. ಹೊಟ್ಟೆನೋವು, ಚರ್ಮರೋಗ, ಮಕ್ಕಳಿಲ್ಲದ ಕೊರಗು—ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಹರಕೆ ಹೊರುತ್ತಾರೆ. ಈ ಒಂದು ಬೇನೆಯನ್ನು ಮಾತ್ರ ದೇವರ ಮುಂದೆಯೂ ಮನಸ್ಸಿನೊಳಗೇ ಹೇಳಿಕೊಳ್ಳುತ್ತಾರೆಂದು ತೋರುತ್ತದೆ.

ನಂಜುಂಡನ ಕಥೆ ಎಲ್ಲರೂ ಬಲ್ಲದ್ದು. ಅವನು ವಿಷವನ್ನು ಉಗುಳಲೂ ಇಲ್ಲ, ಒಡಲಿಗೆ ಇಳಿಸಲೂ ಇಲ್ಲ, ಕಂಠದಲ್ಲಿ ನಿಲ್ಲಿಸಿಕೊಂಡ. ಇರಬೇಕಾದಲ್ಲಿ ಇದ್ದುದರಿಂದ ಆ ನಂಜೂ ಆಭರಣವಾಯಿತು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳನ್ನು ಕುರಿತು ಇಂದಿನ ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದೇ ಮಾತು. ಪ್ರತಿಯೊಬ್ಬ ಮನುಷ್ಯನ ಒಡಲಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅವುಗಳ ಒಟ್ಟು ತೂಕ 200 ಗ್ರಾಮಿನಷ್ಟು. ವಾಸವೆಲ್ಲ ಬಹುಮಟ್ಟಿಗೆ ದೊಡ್ಡ ಕರುಳಿನಲ್ಲಿ. ನಾವು ಅರಗಿಸಲಾರದ ನಾರನ್ನು ಅವು ಹುಳಿಸಿ, ಬ್ಯುಟಿರೇಟ್ ಎಂಬ ಆಮ್ಲವನ್ನು ಕೊಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಉಂಡ ಮನೆಗೆ ದುಡಿದು ಕೊಡುವ ನೆಂಟರು ಇವು.

ನೆಂಟರು ನಂಜಾಗುವುದು ಯಾವಾಗ? ಉತ್ತರಕ್ಕಾಗಿ, ಕಪಿಲೆಯ ಜೊತೆಯಲ್ಲಿ ನಂಜನಗೂಡಿನಿಂದ ಕೆಳಗೆ ತಿರುಮಕೂಡಲು ನರಸೀಪುರದವರೆಗೆ ಬರೋಣ. ಅಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಅದು ತ್ರಿವೇಣಿ ಸಂಗಮ. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತ ಬಂದಿದೆ. ಹೋಲಿಕೆ ಅತಿಯಾಯಿತೆನ್ನದಿದ್ದರೆ, ಗುದದ್ವಾರದ ಅಂಚಿನಿಂದ ಎರಡು ಸೆಂಟಿಮೀಟರಿನಷ್ಟು ಒಳಗೆ ನಮ್ಮ ಶರೀರದಲ್ಲಿಯೂ ಒಂದು ಸಂಗಮವಿದೆ. ಮೇಲಿನಿಂದ ಇಳಿದ ಕರುಳಿನ ಒಳಪದರ, ಹೊರಗಿನಿಂದ ಒಳಸರಿದ ಚರ್ಮದ ಪದರ ಎರಡೂ ಅಲ್ಲಿ ಕೂಡುತ್ತವೆ. ಕೂಡುವ ಗೆರೆ ಹಲ್ಲುಸಾಲಿನಂತೆ ಕಾಣುವುದರಿಂದ ವೈದ್ಯರು ಅದನ್ನು ಡೆಂಟೇಟ್ ಲೈನ್ ಎನ್ನುತ್ತಾರೆ. ಹಿಂಬಾಗಿಲಿಗೂ ಒಂದು ಹಲ್ಲುಸಾಲು!

ಆ ಗೆರೆಯ ಗುಂಟ ಸಣ್ಣ ಸಣ್ಣ ಗುಳಿಗಳಿವೆ. ಗುಳಿಗಳಲ್ಲಿ ಗ್ರಂಥಿಗಳ ಬಾಯಿ ತೆರೆದಿರುತ್ತದೆ. ಒಂದು ಗ್ರಂಥಿಯ ಬಾಯಿ ಕಟ್ಟಿಕೊಂಡು, ಕರುಳಿನ ಬ್ಯಾಕ್ಟೀರಿಯಾಗಳು ಅದರೊಳಗೆ ಸಿಕ್ಕಿದರೆ ಕೀವು ಕಟ್ಟಿ ಕುರುವಾಗುತ್ತದೆ. ಕುರು ಒಡೆದು ಚರ್ಮದವರೆಗೆ ದಾರಿ ಕೊರೆದರೆ ಅದೇ ಭಗಂದರ. ಈ ವಿವರಣೆಗೆ 1961ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪಾರ್ಕ್ಸ್ ಬಲವಾದ ಆಧಾರ ಒದಗಿಸಿದರು. 1982ರಲ್ಲಿ ಬ್ರಿಟನ್ನಿನ ವೈದ್ಯರು ಇಂಥ ಕುರುಗಳ ಕೀವನ್ನು ಪರೀಕ್ಷಿಸಿದರು. ಅದರಲ್ಲಿ ಕರುಳಿನ ಬ್ಯಾಕ್ಟೀರಿಯಾ ಕಂಡವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಭಗಂದರವಿತ್ತು. ಚರ್ಮದ ಬ್ಯಾಕ್ಟೀರಿಯಾ ಮಾತ್ರ ಕಂಡವರಲ್ಲಿ ಅದು ಇರಲಿಲ್ಲ. ಕರುಳಿನಲ್ಲಿ ಉಪಕಾರಿಯಾಗಿದ್ದ ಜೀವಿಯೇ ಒಂದು ಅಂಗುಲ ಆಚೆ ಸರಿದು ವೈರಿಯಾಗುತ್ತದೆ. ತಪ್ಪು ಜೀವಿಯದಲ್ಲ, ಜಾಗದ್ದು.

ಈ ಸಂಗಮದಲ್ಲಿ ಇನ್ನೊಂದು ವಿಶೇಷವಿದೆ. ಗೆರೆಯ ಕೆಳಗೆ ಮುಳ್ಳು ಸೋಕಿದರೂ ಪ್ರಾಣ ಹಿಂಡುವ ನೋವು. ಮೇಲೆ ನೋವಿನ ಅರಿವು ಅತ್ಯಲ್ಪ. ಆದ್ದರಿಂದ ಒಳಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುತ್ತದೆ. ಅಲ್ಲಿ ಅರ್ಬುದ ಬೆಳೆದರೂ ಮೊದಮೊದಲು ಅಷ್ಟೇ. ನರಸೀಪುರದ ಕಡೆಯ ನಮ್ಮ ಸೋದರಮಾವನವರು ಎರಡು ವರ್ಷ ರಕ್ತ ಕಂಡರು. "ನೋವಿಲ್ಲವಲ್ಲ, ಉಷ್ಣ ಅಷ್ಟೆ" ಎಂದು ಎಳನೀರು ಕುಡಿದರು. ಆಮೇಲೆ, ಗೋಡೆಯ ಮೇಲಿನ ಜಾಹೀರಾತು ನೋಡಿ ಯಾರೋ ಕೊಟ್ಟ ಪುಡಿ ತಿಂದರು. ಅತ್ತೆಗೆ ಕೂಡ ತಿಳಿಸಿರಲಿಲ್ಲ. "ಯಾರ ಹತ್ತಿರ ಅಂತ ಹೇಳಲಪ್ಪ?" ಎಂದು ಕೊನೆಗೆ ನನ್ನೊಡನೆ ಅಂದರು. ಮೈಸೂರಿನ ವೈದ್ಯರು ಬೆರಳಿಟ್ಟು ನೋಡಿ ಗಡ್ಡೆಯನ್ನು ಕಂಡುಹಿಡಿಯಲು ಎರಡು ನಿಮಿಷ ಹಿಡಿಯಿತು. ಮುಂದಿನ ಯುಗಾದಿಯನ್ನು ಅವರು ಕಾಣಲಿಲ್ಲ.

ಹಾಗೆಂದು ರಕ್ತ ಕಂಡೊಡನೆ ಎದೆಗೆಡಬೇಕಾದುದೂ ಇಲ್ಲ. ಹೆಚ್ಚಿನವರಲ್ಲಿ ಅದು ಮೂಲವ್ಯಾಧಿಯೇ ಅಥವಾ ಸೀಳೇ ಆಗಿರುತ್ತದೆ. ಮೂಲವ್ಯಾಧಿಯನ್ನು ಬ್ಯಾಕ್ಟೀರಿಯಾಗಳೇ ಹುಟ್ಟಿಸುತ್ತವೆಂದು ಹೇಳುವಂತಿಲ್ಲ. ಅಲ್ಲಿ ಅವುಗಳ ನಂಟು ಬಳಸುದಾರಿಯದು. ಮಲದ ಒಣತೂಕದಲ್ಲಿ ಕಾಲುಭಾಗದಿಂದ ಅರ್ಧದವರೆಗೆ ಬ್ಯಾಕ್ಟೀರಿಯಾಗಳೇ ಇರುತ್ತವೆ. ನಾರು ದೊರೆತರೆ ಅವು ವೃದ್ಧಿಯಾಗಿ, ಮಲ ಮೆತ್ತಗಾಗಿ ಸುಲಭವಾಗಿ ಸಾಗುತ್ತದೆ. ನಾರಿಲ್ಲದಿದ್ದರೆ ಮಲ ಗಟ್ಟಿಯಾಗಿ, ಮುಕ್ಕುವುದು ಹೆಚ್ಚಿ, ರಕ್ತನಾಳಗಳ ಮೆತ್ತೆಗಳು ಜಾರುತ್ತವೆ. ನಾರಿನ ಸೇವನೆಯಿಂದ ಮೂಲವ್ಯಾಧಿಯ ರಕ್ತಸ್ರಾವ ಅರ್ಧದಷ್ಟು ತಗ್ಗುವುದೆಂದು, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2005ರಲ್ಲಿ ನಡೆದ ವಿಮರ್ಶೆ ತೋರಿಸಿತು. ನಮ್ಮ ಸೀಮೆಗೆ ಇದು ಹೊಸ ಉಪದೇಶವೇನಲ್ಲ. 100 ಗ್ರಾಂ ರಾಗಿಯಲ್ಲಿ 11 ಗ್ರಾಮಿನಷ್ಟು ನಾರಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ನಾಲೆಯ ನೀರು ಬಂದಲ್ಲೆಲ್ಲ ಬಿಳಿ ಅನ್ನ ಮೆರೆದು ಮುದ್ದೆ ಹಿಂದೆ ಸರಿಯಿತು. ಅನ್ನವನ್ನು ಬಿಡಬೇಕೆನ್ನುವುದಿಲ್ಲ, ಒಂದು ಹೊತ್ತು ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ, ಬಾಳೆಕಾಯಿಯ ಪಲ್ಯ, ಸಾಕಷ್ಟು ನೀರು—ಇಷ್ಟಿದ್ದರೆ ಒಳಗಿನ ನೆಂಟರು ತೃಪ್ತರು.

ಮಜ್ಜಿಗೆಯನ್ನು ಮರೆಯಬಾರದು. ಚರಕಸಂಹಿತೆಯ ಅರ್ಶಚಿಕಿತ್ಸೆಯಲ್ಲಿ ಅದಕ್ಕೆ ಅಗ್ರಸ್ಥಾನ. ಚಿತ್ರಮೂಲದ ಬೇರಿನ ಕಲ್ಕ ಬಳಿದ ಮಡಕೆಯಲ್ಲಿ ಮೊಸರನ್ನು ಹೆಪ್ಪುಹಾಕಬೇಕೆಂದೂ ಅಲ್ಲಿ ಹೇಳಿದೆ. ಹೆಪ್ಪಿನೊಳಗೆ ಕೆಲಸ ಮಾಡುತ್ತಿದ್ದುದು ಬ್ಯಾಕ್ಟೀರಿಯಾ ಎಂಬುದನ್ನು ಆ ಋಷಿಗಳು ಅರಿತಿರಲಿಲ್ಲ, ಫಲವನ್ನು ಅರಸುತ್ತಿದ್ದರು. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನವೆಂದೇ ಹೆಸರು.

ಆದರೆ ಮಜ್ಜಿಗೆಯಿಂದ ಭಗಂದರ ವಾಸಿಯಾಗದು. ಕುರುವಾದರೆ ಕೊಯ್ದು ಕೀವು ತೆಗೆಸಬೇಕು. ಬರಿಯ ಮಾತ್ರೆಯನ್ನು ನಂಬುವಂತಿಲ್ಲ. ಭಗಂದರಕ್ಕೆ ನಮ್ಮ ಆಯುರ್ವೇದದ ಕ್ಷಾರಸೂತ್ರವಿದೆ: ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನಗಳನ್ನು ಸುತ್ತುಸುತ್ತಾಗಿ ಲೇಪಿಸಿದ ನೂಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಸ್ತ್ರಕ್ರಿಯೆ ನಾಲ್ಕು ವಾರದಲ್ಲಿ ಗುಣ ಮಾಡಿದುದನ್ನು ನೂಲು ಎಂಟು ವಾರದಲ್ಲಿ ಮಾಡಿತು. ಆದರೆ ರೋಗ ಮರುಕಳಿಸಿದ್ದು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 11 ಮಂದಿಗೆ, ನೂಲಿನಲ್ಲಿ ನಾಲ್ವರಿಗೆ. ಗೋಡೆಬರಹದ ವೈದ್ಯನಿಗೂ ಇದಕ್ಕೂ ಇರುವ ಅಂತರವಿಷ್ಟೇ: ಇಲ್ಲಿ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ಆದ್ದರಿಂದ ನನ್ನ ವಿನಂತಿ ಸಣ್ಣದು. ರಕ್ತ ಕಂಡಿತೋ, ಗಂಟು ಕೈಗೆ ಸಿಕ್ಕಿತೋ, ಮಲಪ್ರವೃತ್ತಿಯ ಕ್ರಮ ತಪ್ಪಿತೋ, ಮನೆಯವರಲ್ಲಿ ಹೇಳಿ, ಓದಿ ಬಲ್ಲ ವೈದ್ಯರಿಗೆ ತೋರಿಸಿ. ನಲವತ್ತು ದಾಟಿದವರಂತೂ ತಡಮಾಡಲೇಬಾರದು. ನಂಜನ್ನು ಕಂಠದಲ್ಲಿ ನಿಲ್ಲಿಸಿಕೊಳ್ಳುವುದು ನಂಜುಂಡನಿಗೆ ಒಪ್ಪುತ್ತದೆ; ಬೇನೆಯ ಮಾತನ್ನು ಕಂಠದಲ್ಲಿ ನಿಲ್ಲಿಸಿಕೊಳ್ಳುವುದು ಮನುಷ್ಯನಿಗೆ ಒಪ್ಪದು.