ರೆನ್‌ಸ್ಟೈಗ್

ರೆನ್‌ಸ್ಟೈಗ್ ಜರ್ಮನಿಯ ಮಧ್ಯಭಾಗದ ಥುರಿಂಗಿಯಾ ರಾಜ್ಯದಲ್ಲಿ, ಕಾಡು ತುಂಬಿದ ಬೆಟ್ಟಸಾಲಿನ ನೆತ್ತಿಯ ಮೇಲೆ ಸಾಗುವ ಪ್ರಾಚೀನ ಕಾಲುದಾರಿ. ವೆರಾ ನದಿಯ ದಡದ ಹ್ಯೋರ್ಶೆಲ್ ಎಂಬ ಹಳ್ಳಿಯಲ್ಲಿ ಆರಂಭವಾಗುವ ಇದು ಆಗ್ನೇಯ ದಿಕ್ಕಿಗೆ ಸುಮಾರು 170 ಕಿ.ಮೀ. ಸಾಗಿ, ಜಾಲೆ ನದಿಯ ದಡದ ಬ್ಲಾಂಕೆನ್‌ಸ್ಟೈನ್‌ನಲ್ಲಿ ಕೊನೆಗೊಳ್ಳುತ್ತದೆ. ನಡುವೆ ಸ್ವಲ್ಪ ದೂರ ನೆರೆಯ ಬವೇರಿಯಾ ರಾಜ್ಯವನ್ನೂ ಹಾದುಹೋಗುತ್ತದೆ. ಶತಮಾನಗಳ ಕಾಲ ಸಂಸ್ಥಾನಗಳನ್ನು ಬೇರ್ಪಡಿಸುವ ಗಡಿಯಾಗಿದ್ದ ಈ ದಾರಿಯಲ್ಲಿ ಇಂದು ಪ್ರತಿವರ್ಷ ಮೇ ತಿಂಗಳಿನಲ್ಲಿ ಯೂರೋಪಿನ ಹೆಸರಾಂತ ಅರಣ್ಯ ಓಟಗಳಲ್ಲೊಂದು ನಡೆಯುತ್ತದೆ.

ಹೆಸರಿನ ಮೂಲ

1330ರ ದಾಖಲೆಯೊಂದರಲ್ಲಿ ಈ ಹಾದಿಯ ಹೆಸರು 'ರಿನ್ನೆಸ್ಟಿಗ್' ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರಿನ ಉತ್ತರಾರ್ಧಕ್ಕೆ ಜರ್ಮನ್ ಭಾಷೆಯಲ್ಲಿ ಕಿರಿದಾದ ಏರುಹಾದಿ ಎಂದರ್ಥ. ಪೂರ್ವಾರ್ಧದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಗಡಿ ಎಂಬ ಅರ್ಥದ 'ರೈನ್' ಪದದಿಂದ ಬಂದಿದೆ ಎಂಬುದು ಒಂದು. ಓಡು ಎಂಬ ಅರ್ಥದ 'ರೆನ್ನೆನ್' ಧಾತುವಿನಿಂದ ಬಂದಿದೆ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಸಮಂಜಸವಾಗಿದೆ. ಏಕೆಂದರೆ ಗಡಿಯೇ ಇಲ್ಲದ ಕಡೆಗಳಲ್ಲೂ ಜರ್ಮನ್ ನಾಡಿನಲ್ಲಿ ಇದೇ ಹೆಸರಿನ ಹಲವಾರು ಹಾದಿಗಳಿವೆ. ಸರಕಿನ ಗಾಡಿಗಳು ಕಣಿವೆಯ ಹೆದ್ದಾರಿಯಲ್ಲಿ ಸಾಗುತ್ತಿದ್ದರೆ, ಓಲೆಕಾರರೂ ಕುದುರೆ ಸವಾರರೂ ನೆತ್ತಿಯ ಕಿರುದಾರಿಯನ್ನು ಹಿಡಿಯುತ್ತಿದ್ದರು. ನಮ್ಮ ಮೈಸೂರು ಸಂಸ್ಥಾನದ ಅಂಚೆ ಓಟಗಾರರನ್ನು ನೆನೆದರೆ ಈ ಬಗೆಯ ದಾರಿಯ ಅಗತ್ಯ ಸುಲಭವಾಗಿ ಅರ್ಥವಾಗುತ್ತದೆ. ಹೀಗೆ ಇಂದಿನ ಓಟ ಈ ದಾರಿಗೆ ಹೊರಗಿನಿಂದ ಬಂದದ್ದಲ್ಲ, ಹೆಸರಿನಲ್ಲಿಯೇ ಇತ್ತು.

ನೆತ್ತಿಯ ಹಾದಿ

ಈ ಬೆಟ್ಟಗಳು ಬಹಳ ಎತ್ತರದವಲ್ಲ. ಅತಿ ಎತ್ತರದ ಗ್ರೋಸರ್ ಬೇರ್‌ಬೆರ್ಗ್ 983 ಮೀಟರ್ ಇದೆ. ನಂದಿಬೆಟ್ಟವೇ ಅದಕ್ಕಿಂತ ಸುಮಾರು ಐನೂರು ಮೀಟರ್ ಎತ್ತರ. ಆದರೆ ಹಾದಿಯ ವಿಶೇಷವಿರುವುದು ಅದು ಬೆಟ್ಟಸಾಲಿನ ನೆತ್ತಿಯನ್ನು ಎಲ್ಲಿಯೂ ಬಿಡದೆ ಸಾಗುವುದರಲ್ಲಿ. ದಾರಿಯ ಎಡಬಲಗಳಲ್ಲಿ ಬಿದ್ದ ಮಳೆನೀರು ಬೇರೆ ಬೇರೆ ನದಿಗಳನ್ನು ಸೇರುತ್ತದೆ. ಜೀಗ್‌ಮುಂಡ್ಸ್‌ಬುರ್ಗ್ ಎಂಬ ಊರಿನ ಬಳಿ ಎಲ್ಬೆ, ವೇಸರ್ ಮತ್ತು ರೈನ್ ನದಿಗಳ ಜಲಾನಯನ ಪ್ರದೇಶಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ಮೂರು ಮುಖದ ಕಲ್ಲೊಂದನ್ನು ನಿಲ್ಲಿಸಿದ್ದಾರೆ.

ಜಲವಿಭಾಜಕದ ಮೇಲಿರುವ ದಾರಿಗೆ ಒಂದು ಅನುಕೂಲ ಮತ್ತು ಒಂದು ಅನನುಕೂಲವಿದೆ. ಹೊಳೆ ದಾಟಬೇಕಾಗಿಲ್ಲ, ಸೇತುವೆ ಬೇಕಿಲ್ಲ, ಕಣಿವೆಯ ಕೆಸರಿಲ್ಲ. ಓಲೆಕಾರರಿಗೆ ಇಷ್ಟವಾದದ್ದು ಇದೇ. ಆದರೆ ಹೊಳೆಯಿಲ್ಲದ ಮೇಲೆ ಕುಡಿಯುವ ನೀರೂ ಇಲ್ಲ. ಊರುಗಳೂ ಬಹುಪಾಲು ಕೆಳಗಿನ ಕಣಿವೆಗಳಲ್ಲಿವೆ. ಆದುದರಿಂದ ಇಲ್ಲಿ ಒಂಟಿಯಾಗಿ ಓಡುವವರು ನೀರನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡಬೇಕು.

ಪಶ್ಚಿಮ ಭಾಗದಲ್ಲಿ ಬೀಚ್ ಮರಗಳ ಎಲೆಯುದುರುವ ಕಾಡು, ಎತ್ತರದ ಭಾಗದಲ್ಲಿ ಸ್ಪ್ರೂಸ್ ಮರಗಳ ಸೂಜಿಯೆಲೆಯ ಕಾಡು ಇದೆ. ಕಾಲಡಿಯಲ್ಲಿ ಬೇರುಗಳು, ಸಡಿಲ ಕಲ್ಲು, ಮೆತ್ತನೆಯ ಎಲೆಗೊಬ್ಬರ ಒಂದಾದ ಮೇಲೊಂದು ಬರುತ್ತವೆ. ಬೇರ್‌ಬೆರ್ಗ್‌ನ ಶಿಖರ ಸಂರಕ್ಷಿತ ಜೌಗುಭೂಮಿಯಾದ್ದರಿಂದ ದಾರಿ ಅದರ ತುದಿಗೆ ಹೋಗದೆ 973 ಮೀಟರ್ ಎತ್ತರದಲ್ಲಿ ಪಕ್ಕಕ್ಕೆ ಹಾಯುತ್ತದೆ. ಮರಗಳ ಮೇಲೆ ಬಿಳಿಯ 'ಆರ್' ಅಕ್ಷರವನ್ನು ಬರೆದು ದಾರಿ ಗುರುತಿಸಲಾಗಿದೆ.

ಗಡಿಯಾಗಿ ರೆನ್‌ಸ್ಟೈಗ್

ಥುರಿಂಗಿಯಾ ಹಿಂದೆ ಅನೇಕ ಸಣ್ಣ ಸಂಸ್ಥಾನಗಳಾಗಿ ಒಡೆದುಹೋಗಿತ್ತು. ಅವುಗಳ ಗಡಿಕಲ್ಲುಗಳು ಇಂದಿಗೂ ದಾರಿಯುದ್ದಕ್ಕೂ ನಿಂತಿವೆ. ಮೂವರು ಒಡೆಯರ ನೆಲ ಕೂಡುವಲ್ಲಿ ನೆಟ್ಟ ಕಲ್ಲುಗಳಿಗೆ 'ಮೂವರು ಒಡೆಯರ ಕಲ್ಲು' ಎಂದೇ ಹೆಸರು. ಭಾಷೆಯೂ ಇಲ್ಲಿ ಕವಲೊಡೆಯುತ್ತದೆ: ಉತ್ತರದ ಇಳಿಜಾರಿನಲ್ಲಿ ಥುರಿಂಗಿಯಾದ ಉಪಭಾಷೆ, ದಕ್ಷಿಣದಲ್ಲಿ ಫ್ರಾಂಕೋನಿಯಾದ ಉಪಭಾಷೆ. 1829ರಲ್ಲಿ ಗೋಥಾದ ಸೇನಾಧಿಕಾರಿಯೂ ನಕ್ಷೆಗಾರನೂ ಆಗಿದ್ದ ಯೂಲಿಯುಸ್ ಫಾನ್ ಪ್ಲೆಂಕ್ನರ್ ದಾರಿಯನ್ನು ಆದ್ಯಂತವಾಗಿ ನಡೆದು ವಿವರಿಸಿದ ಮೇಲೆ ಚಾರಣಿಗರ ಗಮನ ಇತ್ತ ಹರಿಯಿತು. 1896ರಲ್ಲಿ ರೆನ್‌ಸ್ಟೈಗ್ ಸಂಘ ಸ್ಥಾಪನೆಯಾಯಿತು. ವೆರಾ ನದಿಯಿಂದ ಒಂದು ಹರಳುಕಲ್ಲನ್ನು ಎತ್ತಿಕೊಂಡು ಹೊರಟು, ಇನ್ನೊಂದು ತುದಿಯಲ್ಲಿ ನೀರಿಗೆ ಎಸೆಯುವುದು ಚಾರಣಿಗರ ವಾಡಿಕೆ. ದಾರಿಯಲ್ಲಿ ಎದುರಾದವರಿಗೆ 'ಗೂಟ್ ರುನ್ಸ್ಟ್' ಎನ್ನುತ್ತಾರೆ. ಪ್ರಯಾಣ ಸುಖಕರವಾಗಲಿ ಎಂಬುದು ಅದರ ಭಾವ.

ಹಳೆಯ ಸಂಸ್ಥಾನಗಳ ಗಡಿ ಯಾರ ಕಾಲನ್ನೂ ಕಟ್ಟಿಹಾಕಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಗಡಿ ಹಾಗಿರಲಿಲ್ಲ. ಥುರಿಂಗಿಯಾ ಪೂರ್ವ ಜರ್ಮನಿಗೆ, ಬವೇರಿಯಾ ಪಶ್ಚಿಮ ಜರ್ಮನಿಗೆ ಸೇರಿದವು. ಎರಡರ ನಡುವೆ ಹಾಯುತ್ತಿದ್ದ ಹಾದಿಯ ಪೂರ್ವ ಭಾಗ ತುಂಡಾಯಿತು. 1952ರಲ್ಲಿ ಪೂರ್ವ ಜರ್ಮನಿ ಗಡಿಯುದ್ದಕ್ಕೂ ಐದು ಕಿ.ಮೀ. ಅಗಲದ ನಿಷೇಧಿತ ವಲಯವನ್ನು ಸ್ಥಾಪಿಸಿ, ಗಡಿಯಂಚಿನ ಹಲವು ಕುಟುಂಬಗಳನ್ನು ಬಲವಂತವಾಗಿ ಒಳನಾಡಿಗೆ ಸಾಗಿಸಿತು. ಹಾದಿಯ ಕೊನೆಯ ಊರಾದ ಬ್ಲಾಂಕೆನ್‌ಸ್ಟೈನ್‌ಗೆ ಸಾಮಾನ್ಯ ಚಾರಣಿಗರು ಹೋಗುವಂತಿರಲಿಲ್ಲ. ವಿಪರ್ಯಾಸವೆಂದರೆ, ಹೆರ್ಬರ್ಟ್ ರೋತ್ ರಾಗ ಸಂಯೋಜಿಸಿದ, ಈ ಹಾದಿಯ ಚಾರಣವನ್ನು ಕುರಿತ ಜನಪ್ರಿಯ ಹಾಡು ಹುಟ್ಟಿದ್ದು ಅದರ ಹಿಂದಿನ ವರ್ಷ, 1951ರಲ್ಲಿ. ಹಾಡಿನಲ್ಲಿ ಅಖಂಡವಾಗಿದ್ದ ದಾರಿ ನೆಲದ ಮೇಲೆ ಸುಮಾರು ನಾಲ್ಕು ದಶಕ ತುಂಡಾಗಿಯೇ ಉಳಿಯಿತು. 1990ರಲ್ಲಿ ಅದು ಮತ್ತೆ ಪೂರ್ತಿಯಾಗಿ ತೆರೆಯಿತು.

ರೆನ್‌ಸ್ಟೈಗ್ ಓಟ

ದಾರಿ ಹೀಗೆ ಮೊಟಕಾಗಿದ್ದ ಕಾಲದಲ್ಲಿಯೇ ಓಟ ಹುಟ್ಟಿತು. 1973ರ ಮೇ ತಿಂಗಳಲ್ಲಿ ಯೇನಾ ನಗರದ ನಾಲ್ವರು ಮುಕ್ತವಾಗಿದ್ದ ಪಶ್ಚಿಮ ಭಾಗದಲ್ಲಿ ಸುಮಾರು 100 ಕಿ.ಮೀ. ಓಡಿದರು. ಪೂರ್ವ ಜರ್ಮನಿಯ ಕ್ರೀಡಾವ್ಯವಸ್ಥೆಗೆ ಆಗ ಒಲಿಂಪಿಕ್ ಪದಕಗಳೇ ಮುಖ್ಯ. ಸಾಮಾನ್ಯರು ತಮ್ಮ ಸಂತೋಷಕ್ಕಾಗಿ ಕಾಡಿನಲ್ಲಿ ಓಡುವುದು ಅದರ ಯೋಜನೆಯೊಳಗಿನ ಸಂಗತಿಯಾಗಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಓಟಗಾರರ ಸಂಖ್ಯೆ ಸಾವಿರಗಳನ್ನು ಮುಟ್ಟಿತು.

ಓಟಕ್ಕೆ ಯೋಹಾನ್ ಕ್ರಿಸ್ಟೋಫ್ ಫ್ರೀಡ್ರಿಖ್ ಗೂಟ್ಸ್‌ಮೂಟ್ಸ್ (1759–1839) ಅವರ ಹೆಸರನ್ನು ಇಡಲಾಗಿದೆ. ಇದೇ ಬೆಟ್ಟಗಳ ಉತ್ತರದ ತಪ್ಪಲಿನ ಷ್ನೆಪ್ಫೆಂಟಾಲ್ ಶಾಲೆಯಲ್ಲಿ ಸುಮಾರು ಅರ್ಧ ಶತಮಾನ ಉಪಾಧ್ಯಾಯರಾಗಿದ್ದ ಅವರು, ಓಟ, ಜಿಗಿತ, ಈಜುಗಳನ್ನು ಪಾಠದಷ್ಟೇ ಗಂಭೀರವಾಗಿ ಕಲಿಸಿದರು; 1793ರಲ್ಲಿ ಯುವಜನರ ದೇಹಶಿಕ್ಷಣದ ಬಗ್ಗೆ ಗ್ರಂಥವನ್ನು ಪ್ರಕಟಿಸಿದರು. ಪರೀಕ್ಷೆ ಹತ್ತಿರ ಬಂದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳು ಇವರ ಹೆಸರನ್ನು ತಿಳಿದಿರುವುದು ಒಳ್ಳೆಯದು.

ಈಗ ವರ್ಷಕ್ಕೆ ಸುಮಾರು 15,000 ಮಂದಿ ಭಾಗವಹಿಸುತ್ತಾರೆ. ಅರ್ಧ ಮ್ಯಾರಥಾನ್ ಓಬರ್‌ಹೋಫ್‌ನಿಂದ, ಮ್ಯಾರಥಾನ್ ನಾಯ್‌ಹೌಸ್‌ನಿಂದ, ಸುಮಾರು 73 ಕಿ.ಮೀ.ಗಳ ಮಹಾ ಓಟ ಐಸೆನಾಖ್‌ನಿಂದ ಹೊರಡುತ್ತವೆ. ಮೂರೂ ಸೇರುವುದು ಷ್ಮೀಡೆಫೆಲ್ಡ್ ಎಂಬ ಸಣ್ಣ ಊರಿನಲ್ಲಿ.

ಮಹಾ ಓಟ ಬೆಳಿಗ್ಗೆ ಆರು ಗಂಟೆಗೆ ಐಸೆನಾಖ್‌ನ ಪೇಟೆಚೌಕದಲ್ಲಿ ಆರಂಭವಾಗುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 220 ಮೀಟರ್ ಎತ್ತರದಲ್ಲಿದೆ, 25 ಕಿ.ಮೀ. ಮುಗಿಯುವಷ್ಟರಲ್ಲಿ 916 ಮೀಟರಿನ ಗ್ರೋಸರ್ ಇನ್ಸೆಲ್ಸ್‌ಬೆರ್ಗ್ ಬರುತ್ತದೆ. ಮೊದಲ ಸಲ ಓಡುವವರು ತಪ್ಪುವುದು ಇಲ್ಲಿಯೇ. ಏರಿನಲ್ಲಿ ಉಸಿರು ಕಳೆದುಕೊಂಡವರಿಗಿಂತ, ಅದರಾಚೆಯ ಕಡಿದಾದ ಇಳಿಜಾರಿನಲ್ಲಿ ವೇಗವಾಗಿ ಇಳಿದು ತೊಡೆಯ ಸ್ನಾಯುಗಳನ್ನು ದಣಿಸಿಕೊಂಡವರಿಗೆ ಮುಂದೆ ಕಷ್ಟ ಹೆಚ್ಚು. ಇಳಿಯುವಾಗ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುತ್ತದೆ. ಆ ಪೆಟ್ಟು ಆಗಲೇ ತಿಳಿಯದೆ ಗಂಟೆಗಳ ನಂತರ ತಿಳಿಯುತ್ತದೆ. ದಾರಿಯ ಅತಿ ಎತ್ತರದ ಭಾಗವಿರುವುದು ಅರವತ್ತು ಕಿ.ಮೀ. ದಾಟಿದ ಮೇಲೆ. ಓಬರ್‌ಹೋಫ್ ಸಮೀಪದ ಗ್ರೆಂಟ್ಸ್‌ಆಡ್ಲರ್‌ನಲ್ಲಿ, ಸುಮಾರು 54ನೆಯ ಕಿ.ಮೀ.ಯಲ್ಲಿ, ಮುಂದುವರಿಯಲಾಗದವರು ಓಟ ನಿಲ್ಲಿಸಬಹುದು. ಅಲ್ಲಿಯವರೆಗಿನ ಸಮಯವನ್ನು ದಾಖಲಿಸಿಕೊಳ್ಳುತ್ತಾರೆ.

ನೆತ್ತಿಯ ಮೇಲೆ ನೀರಿಲ್ಲದ ಕಾರಣ ನೀರೂ ಆಹಾರವೂ ವಾಹನಗಳಲ್ಲಿ ಮೇಲೆ ಬರುತ್ತವೆ. ಈ ಓಟದ ಪ್ರಸಿದ್ಧ ಆಹಾರ ಓಟ್ಸ್ ಗಂಜಿ. ಸುಲಭವಾಗಿ ಜೀರ್ಣವಾಗುವ ಈ ಬಿಸಿ ಗಂಜಿ, ಚಳಿಯಲ್ಲಿ ಹೊಟ್ಟೆಗೆ ಹಿತವಾಗುತ್ತದೆ.

ಇಂದಿನ ಸ್ಥಿತಿ

2003ರಲ್ಲಿ ಬೆಟ್ಟಸಾಲಿನ ಅಡಿಯಲ್ಲಿ 7.9 ಕಿ.ಮೀ. ಉದ್ದದ ರೆನ್‌ಸ್ಟೈಗ್ ಸುರಂಗ ತೆರೆದ ಮೇಲೆ ವಾಹನಗಳು ನೆಲದೊಳಗೆ ಸಾಗುತ್ತಿವೆ. ಕಾಡಿನ ಸ್ಥಿತಿ ಅಷ್ಟು ಸಮಾಧಾನಕರವಲ್ಲ. 2018ರಿಂದ ಬಂದ ಬರಗಾಲದ ವರ್ಷಗಳಲ್ಲಿ ದುರ್ಬಲಗೊಂಡ ಸ್ಪ್ರೂಸ್ ಮರಗಳನ್ನು ತೊಗಟೆ ಜೀರುಂಡೆಗಳು ದೊಡ್ಡ ಪ್ರಮಾಣದಲ್ಲಿ ಕೊಂದಿವೆ. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟು ಬೆಳೆಸಿದ್ದ ಪದ್ಧತಿಯೂ ಇದಕ್ಕೆ ಕಾರಣ. ಸತ್ತ ಮರಗಳನ್ನು ಕಡಿದ ಕಡೆಗಳಲ್ಲಿ ನೆರಳು ಹೋಗಿ ದಾರಿ ಬಯಲಾಗಿದೆ. ಅಲ್ಲಿ ಬೀಚ್ ಮೊದಲಾದ ಮಿಶ್ರಜಾತಿಯ ಸಸಿಗಳನ್ನು ಬೆಳೆಸಲಾಗುತ್ತಿದೆ. ಮೇ ತಿಂಗಳ ಓಟವಲ್ಲದೆ, ಹತ್ತು ಜನರ ತಂಡಗಳು ಬ್ಲಾಂಕೆನ್‌ಸ್ಟೈನ್‌ನಿಂದ ಹೊರಟು, ಹಿಂದೆ ಮುಚ್ಚಿದ್ದ ಗಡಿಯನ್ನು ಹಾದು, ಒಂದೇ ದಿನದಲ್ಲಿ ಹ್ಯೋರ್ಶೆಲ್ ಮುಟ್ಟುವ ರಿಲೇ ಓಟವೂ ಈ ಹಾದಿಯಲ್ಲಿ ನಡೆಯುತ್ತದೆ.